ಚಾವಿ ಗುಂಡಿಯೊಳಗಿನ ಕಂಬಳಿ

ಗಡಿಯಾರ ರಿಪೇರಿಯ ಕೆಲಸವನ್ನು ನಾನು ಬಿಟ್ಟು ಕೆಲವು ವರ್ಷಗಳಾದವು. ಕೈ ನಡುಗತೊಡಗಿತು, ಬಿಟ್ಟೆ. ಗಿರಾಕಿ ಬರದಾದರು, ಅದಕ್ಕೆ ಅಂಗಡಿ ಮುಚ್ಚಿದ ಎಂದು ಗೋಕಾಕದಲ್ಲಿ ಕೆಲವರು ಹೇಳಿಕೊಂಡು ತಿರುಗಿದ್ದು ನನ್ನ ಕಿವಿಗೆ ಬಿದ್ದಿದೆ. ಅದು ಸುಳ್ಳು. ಹೇಳಿದವರು ಯಾರೆಂಬುದೂ ನನಗೆ ಗೊತ್ತು.

ಈಗ ಹಳೆಯ ಚಾವಿ ಗಡಿಯಾರಗಳ ಮೇಲೆ ಮತ್ತೆ ಜನರ ಕಣ್ಣು ಬಿದ್ದಿದೆ. ಈ ಕೆಲಸ ಕಲಿಯಬೇಕೆಂಬ ತರುಣರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಎಣ್ಣೆ, ಯಾವ ಚಿಮಟಾ ಎಂಬುದನ್ನು ಅವರು ಮೊಬೈಲಿನಲ್ಲೇ ನೋಡಿಕೊಳ್ಳಬಲ್ಲರು. ಅದರಲ್ಲಿ ಸಿಗದ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ಸನ್ಮಾನಗಳ ವಿಷಯ ಇದರಲ್ಲಿ ಇರುವುದಿಲ್ಲ. ಜೀವಮಾನದಲ್ಲಿ ನನಗೆ ಒಂದೇ ಒಂದು ಶಾಲು ಹೊದಿಸಿದ್ದಾರೆ. ಅದನ್ನೂ ಮೈಕಿನಲ್ಲಿ ಬೇರೆಯವರ ಹೆಸರು ಕೂಗಿ ಹೊದಿಸಿದರು.

ನನಗೆ ಕೆಲಸ ಕಲಿಸಿದವರು ಘೋಡಗೇರಿಯ ಪರಸಪ್ಪನವರು. ನಮ್ಮ ಕೇರಿಯವರೇ, ನಾನು ಕಾಕಾ ಎನ್ನುತ್ತಿದ್ದೆ. ಊರಿನವರು ಆಗ ನಮ್ಮ ಕೇರಿಯನ್ನು ಏನೆಂದು ಕರೆಯುತ್ತಿದ್ದರೋ ಆ ಶಬ್ದವನ್ನು ನಾನು ಬರೆಯುವುದಿಲ್ಲ. ನಮ್ಮ ಮನೆಗಳಲ್ಲಿ ಬುದ್ಧನ ಪಟ ಬಂದದ್ದು ಆಮೇಲೆ. ಕಾಕಾ ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಒಬ್ಬ ಮುದುಕ ಉಸ್ತಾದರ ಕೈಕೆಳಗೆ ಕೆಲಸ ಕಲಿತು ಬಂದು, ಮೂಡಲಗಿಯಲ್ಲಿ ಕಿರಾಣಿ ಅಂಗಡಿಯೊಂದರ ಬಾಜೂ ಗೋಡೆಗೆ ಮರದ ಪೆಟ್ಟಿಗೆ ಆನಿಸಿಟ್ಟು ಕೂಡುತ್ತಿದ್ದರು. ಹುಕ್ಕೇರಿಯ ಸಂತೆಯ ದಿನ ಅದೇ ಪೆಟ್ಟಿಗೆಯನ್ನು ಬಸ್ಸಿನ ಮೇಲೇರಿಸಿ ಅಲ್ಲಿಗೆ ಹೋಗುತ್ತಿದ್ದರು. ಅವರನ್ನು ಬಹುವಚನದಲ್ಲಿ ಕರೆದ ಗಿರಾಕಿಯನ್ನು ನಾನು ಕಂಡಿಲ್ಲ. ಆದ್ದರಿಂದ ಈ ಬರಹದುದ್ದಕ್ಕೂ ನಾನು ಬಹುವಚನವನ್ನೇ ಬಳಸುತ್ತೇನೆ.

ಕಾಕಾ ಕಲಿಸಿದ ಮೊದಲ ಪಾಠ, ಮುಚ್ಚಳ ತೆರೆಯುವ ಮೊದಲು ಗಡಿಯಾರ ಇರುವ ಮನೆಯ ಬಗ್ಗೆ ಕೇಳಬೇಕೆಂಬುದು. ಯಮಕನಮರಡಿಯ ಶಾಲಾ ಮಾಸ್ತರರೊಬ್ಬರ ಪ್ರಸಂಗದಿಂದ ಇದು ನನಗೆ ಮನದಟ್ಟಾಯಿತು. ಅವರ ಗಡಿಯಾರ ಮುಂದೆ ಓಡುತ್ತಿತ್ತು. ನಾವು ಸರಿಮಾಡಿ ಕೊಡುವುದು, ಮುಂದಿನ ಸಂತೆಗೆ ಅವರು ಸಿಟ್ಟಿನಿಂದ ಮರಳಿ ತರುವುದು, ಹೀಗೇ ನಡೆದಿತ್ತು.

“ಏ ಪರಸ್ಯಾ, ನಿನ್ನ ಕೈಯಾಗ ಕೊಟ್ಟಾಗಿಂದ ಇದು ಕುದರಿ ಆಗೇತಿ. ಗಂಟಿ ಆಗೂಕಿಂತ ಮೊದಲ ನಾ ಸಾಲಿ ಬಿಡಾಕತ್ತೇನಿ!”

“ಹುಡುಗೋರು ನನಗ ಹರಸಾಕತ್ತಿರಬೇಕಲ್ರಿ,” ಎಂದರು ಕಾಕಾ. “ಅದಿರಲಿ ಗುರುಗಳ, ಮಲಗೂ ಮುಂದ ಇದನ್ನ ಎಲ್ಲಿ ಇಡ್ತೀರಿ?”

“ಎಲ್ಲೆರ ಇಡ್ತೇನಿ. ನಿನಗ ಗಡಿಯಾರ ಕೊಟ್ಟೇನಿ, ಮನಿ ಕೊಟ್ಟಿಲ್ಲ.”

“ಖರೆ ರಿ. ಆದರ ಗಡಿಯಾರ ನಿಮ್ಮ ಮನ್ಯಾಗ ಮಲಗತೈತಿ, ನಮ್ಮ ಪೆಟಗ್ಯಾಗ ಅಲ್ಲ.”

ಮಾಸ್ತರರು ಗಡಿಯಾರವನ್ನು ರೇಡಿಯೋದ ಮೇಲೆ ಇಡುತ್ತಿದ್ದರು. ಬೆಳಗಿನ ವಾರ್ತೆಗೆ ಸಮಯ ಕೂಡಿಸಲು ಅನುಕೂಲವೆಂದು. ರೇಡಿಯೋದ ಸ್ಪೀಕರಿನೊಳಗಿನ ಅಯಸ್ಕಾಂತ ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗನ್ನು ಹಿಡಿದು ಕಾಡುತ್ತಿತ್ತು. ದೋಷವಿದ್ದದ್ದು ಮನೆಯಲ್ಲಿ, ಬೈಗುಳ ತಿಂದವರು ಕಾಕಾ. ಇಡುವ ಜಾಗ ಬದಲಾಗಿ ಗಡಿಯಾರ ಸರಿಯಾದ ಮೇಲೆ ಮಾಸ್ತರರು ಈ ಕಡೆ ಬರುವುದನ್ನೇ ಬಿಟ್ಟರು.

ಅದೇ ಕಾಲಕ್ಕೆ ಇನ್ನೊಂದು ದೋಷ ನಮ್ಮನ್ನು ಕಾಡುತ್ತಿತ್ತು. ಗಡಿಯಾರದ ಬದಿಗೆ ಚಾವಿ ಕೊಡುವ ಗುಂಡಿ ಇರುತ್ತದೆ. ಅದರಿಂದ ಒಂದು ಸಣ್ಣ ಕಡ್ಡಿ ಒಳಗೆ ಹೋಗುತ್ತದೆ. ಕೆಲವು ಮನೆಗಳ ಗಡಿಯಾರಗಳು ಆ ಕಡ್ಡಿಗೆ ತುಕ್ಕು ಹಿಡಿದು ಮರಳಿ ಬರುತ್ತಿದ್ದವು. ಮಳೆಗಾಲದಲ್ಲಿ ಬಂದರೆ ಮಳೆಯ ನೀರೆನ್ನಬಹುದು. ಬಿರುಬೇಸಿಗೆಯಲ್ಲೂ ಬರುತ್ತಿದ್ದವು. ಕೈ ತೊಳೆಯುವಾಗ ಬಿಚ್ಚುವುದಿಲ್ಲ ಎಂದು ನಾನು ಗಿರಾಕಿಗಳ ಮೇಲೆ ರೇಗುತ್ತಿದ್ದೆ.

ಕಾಕಾ ತಲೆಯಾಡಿಸಿದರು. “ಕೈ ಅವರು ದಿನಾ ತೊಳೀತಾರ. ಆದರ ಮೊದಲ ಸರತಿ ರಿಪೇರಿಗಿ ಬರೂ ಮುಂದ ತುಕ್ಕ ಇರೂದಿಲ್ಲ, ರಿಪೇರಿ ಆಗಿ ಮನಿಗಿ ಹೋದ ಮ್ಯಾಲ ತುಕ್ಕ ಬರತೈತಿ. ನಡುವ ಏನೋ ಆಗತೈತಿ, ಯಲ್ಲಪ್ಪಾ. ನೋಡಕೊಂಡ ಬಾ.”

ನೋಡಿಕೊಂಡು ಬರಲು ನನ್ನನ್ನು ಕಳಿಸಿದ್ದು ಹುಕ್ಕೇರಿಯ ಮಲ್ಲಪ್ಪ ಸಾಹುಕಾರರ ಮನೆಗೆ, ರಿಪೇರಿಯಾದ ಗಡಿಯಾರ ಮುಟ್ಟಿಸುವ ನೆಪದಲ್ಲಿ. ಬೆಲ್ಲದ ವ್ಯಾಪಾರದ ಮನೆತನ. ಶರಣರ ಪಟದ ಮುಂದೆ ದಿನವೂ ದೀಪ ಹಚ್ಚುವವರು. ಕಾಲುವೆಯ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ ಪರದೇಶದ ಎಂಜಿನಿಯರೊಬ್ಬ ಸಾಹುಕಾರರಿಗೆ ತನ್ನ ಕೈಗಡಿಯಾರವನ್ನು ಕೊಟ್ಟು ಹೋಗಿದ್ದ. ಉಕ್ಕಿನ ಕವಚ, ಕೆನೆಬಣ್ಣದ ಮುಖ, ಕೆಳಗೆ ಸೆಕೆಂಡಿನ ಸಣ್ಣ ವರ್ತುಲ, ನಡುವೆ ಇಂಗ್ಲಿಷಿನಲ್ಲಿ ‘ಕ್ರೋನೋಮೀಟರ್’ ಎಂಬ ಶಬ್ದ. ಮಲಗಿಸಿ, ನಿಲ್ಲಿಸಿ, ತಲೆಕೆಳಗು ಮಾಡಿ, ಬಿಸಿಯಲ್ಲೂ ತಂಪಿನಲ್ಲೂ ಇಟ್ಟು ಪರೀಕ್ಷೆ ಮಾಡಿ, ಸಮಯ ತಪ್ಪದ ಗಡಿಯಾರಕ್ಕೆ ಮಾತ್ರ ಆ ಹೆಸರು ಕೊಡುತ್ತಾರೆಂದು ಕಾಕಾ ನನಗೆ ಹೇಳಿದ್ದರು. ಕೈಗಡಿಯಾರಗಳಲ್ಲಿ ಆ ಹೆಸರು ಅಪರೂಪ. ಅಂಥದನ್ನು ಮತ್ತೆ ಬಿಚ್ಚುವ ಯೋಗ ಬಂದೀತೋ ಇಲ್ಲವೋ ಎಂದು ಕಾಕಾ ಅದನ್ನು ಬಟ್ಟೆಯ ಮೇಲೆ ಹರಡಿ ಒಂದೊಂದು ಭಾಗವನ್ನೂ ನನಗೆ ತೋರಿಸಿದ್ದರು.

ನನಗಾಗ ಇಪ್ಪತ್ತರ ಹರೆಯ. ಸಾಹುಕಾರರ ಅಂಗಳದಲ್ಲಿ ನಿಂತು ಕರೆದೆ. ಹೊಸದಾಗಿ ಬಂದಿದ್ದ ಸೊಸೆ ನೀಲವ್ವ ಹೊರಗೆ ಬಂದರು. ಪದ್ಧತಿಯಂತೆ ನಾನು ಗಡಿಯಾರವನ್ನು ಕಟ್ಟೆಯ ಅಂಚಿನಲ್ಲಿಟ್ಟು ಹಿಂದೆ ಸರಿದೆ. ಅವರು ಕೈ ಚಾಚಿದರು. ಒಳಗಿಂದ ಅತ್ತೆಯ ದನಿ ಕೇಳಿಸಿತು.

“ಮುಟ್ಟಬ್ಯಾಡ. ಮೊದಲ ನೀರ ಹಾಕು.”

ಸೊಸೆ ತಂಬಿಗೆ ತಂದು ಬೆರಳಿನಿಂದ ನೀರು ಚಿಮುಕಿಸಿದರು. ಒಳಗಿನ ದನಿ “ಚಂದಂಗ ಹಾಕು” ಎಂದಿತು. ಇನ್ನಷ್ಟು ಹಾಕಿದರು. ನೀರು ಗುಂಡಿಯ ಬುಡದಲ್ಲಿ ನಿಂತಿತು.

“ಅವ್ವಾರ, ನೀರ ಹಾಕಬ್ಯಾಡ್ರಿ, ಒಳಗ ಹೋಗತೈತ್ರಿ,” ಎಂದೆ.

“ಗಡಿಯಾರ ನಿನಗ ತಿಳೀತೈತಿ, ಮನಿ ನಮಗ ತಿಳೀತೈತಿ,” ಎಂದು ಒಳಗಿನಿಂದಲೇ ಉತ್ತರ ಬಂತು.

ನಮ್ಮ ಕೈ ಮುಟ್ಟಿದ ಗಡಿಯಾರ ಶುದ್ಧವಾಗಬೇಕಾಗಿತ್ತು. ಆ ಶುದ್ಧಿಯ ನೀರೇ ಒಳಗಿಳಿದು ತುಕ್ಕಾಗುತ್ತಿತ್ತು. ತುಕ್ಕಾದ ಮೇಲೆ, ಪರಸ್ಯಾನಿಗೆ ಕೆಲಸ ಬರುವುದಿಲ್ಲ ಎಂಬ ಮಾತು ನಮ್ಮ ಪೆಟ್ಟಿಗೆಗೆ ಬರುತ್ತಿತ್ತು.

ಸಂತೆಗೆ ಮರಳಿ ಕಾಕಾರ ಮುಂದೆ ಕೂಗಾಡಿದೆ. ಇನ್ನು ಆ ಮನೆಗಳ ಗಡಿಯಾರ ತೆಗೆದುಕೊಳ್ಳುವುದು ಬೇಡವೆಂದೆ.

“ತಗೋಲಿಲ್ಲಂದ್ರ ಏನಾಗತೈತಿ?”

“ನಿಂತ ಹೋಗತೈತಿ. ಹೋಗಲಿ.”

“ಗಡಿಯಾರೇನ ತಪ್ಪ ಮಾಡೇತಿ?” ಎಂದರು ಕಾಕಾ. “ನೀರ ಹಾಕೂದು ಅವರ ಹಟ. ಒಳಗ ಬಿಡದಂಗ ಮಾಡೂದು ನನ್ನ ಹಟ. ಯಾರದು ಗಟ್ಟಿ ಐತಿ, ನೋಡೂಣು.”

ಆ ಗಡಿಯಾರ ತುಕ್ಕು ಹಿಡಿದು ಮತ್ತೆ ಬಂದಾಗ ಕಾಕಾ ಕಡ್ಡಿಯನ್ನು ಹೊಸದಾಗಿ ಮಾಡಿದರು. ಚಾವಿ ಗುಂಡಿಯನ್ನು ಕೈಯಿಂದ ತಿರುಗಿಸುವ ಸಣ್ಣ ಲೇತಿಗೆ ಹಾಕಿ ಒಳಭಾಗವನ್ನು ಕೊರೆದರು. ಕರಿ ಕಂಬಳಿಯ ಅಂಚಿನಿಂದ ಸಣ್ಣ ಬಳೆಯೊಂದನ್ನು ಕತ್ತರಿಸಿ, ಜೇನುಮೇಣ ಮತ್ತು ಎಣ್ಣೆಯಲ್ಲಿ ನೆನೆಸಿ, ಕೊರೆದ ಜಾಗದಲ್ಲಿ ಒತ್ತಿ ಕೂಡಿಸಿದರು. ಹಿಂದಿನ ಮುಚ್ಚಳದ ಅಂಚಿಗೂ ಮೇಣ ಸವರಿದರು. ಮೊದಮೊದಲು ಬಳೆ ದಪ್ಪವಾಗಿ ಗುಂಡಿ ತಿರುಗಲೊಲ್ಲದು. ತೆಳುವಾದರೆ ನೀರು ನಿಲ್ಲದು. ಅನೇಕ ಬಳೆಗಳು ಕೆಟ್ಟ ಮೇಲೆ ಒಂದು ಸರಿಯಾಗಿ ಕೂತಿತು. ಮುಂದೆ ಯಾವ ಮನೆಯಲ್ಲಿ ನೀರು ಹಾಕುತ್ತಾರೆಂದು ಗೊತ್ತಾಗುತ್ತಿತ್ತೋ ಆ ಮನೆಯ ಗಡಿಯಾರಕ್ಕೆಲ್ಲ ಕಂಬಳಿಯ ಬಳೆ ಕೂತಿತು. ಮನೆಯವರಿಗೆ ಹೇಳಲಿಲ್ಲ. ತುಕ್ಕು ನಿಂತಿತು. ಪರಸ್ಯಾನ ಕೈ ಈಗ ಸುಧಾರಿಸಿದೆ ಎಂದರು ಗಿರಾಕಿಗಳು.

ಕಾಕಾ ತೀರಿಕೊಂಡ ಮೇಲೆ ನಾನು ಗೋಕಾಕದ ಗಡಿಯಾರದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಂಗಡಿಯ ಮಾಲೀಕರು ನನ್ನ ಮೇಜಿಗೆ ಪರದೆ ಕಟ್ಟಿಸಿದ್ದರು. ಕೆಲಸಕ್ಕೆ ಧೂಳು ಬೀಳಬಾರದೆಂದು ನನಗೆ ಹೇಳಿದರು. ಗಿರಾಕಿಗಳಿಗೆ, ರಿಪೇರಿ ತಾವೇ ಮಾಡುವುದೆಂದು ಹೇಳುತ್ತಿದ್ದರು. ಪರದೆಗೆ ಕಿವಿ ಮುಚ್ಚುವ ಗುಣವಿಲ್ಲ. ಒಂದು ದಿನ ಗಿರಾಕಿಯೊಬ್ಬರು ಗಡಿಯಾರದ ಒಳಗಿನ ವಿಷಯ ಕೇಳಿದಾಗ ಮಾಲೀಕರು ತಡವರಿಸಿದರು. ಪರದೆಯ ಹಿಂದಿನಿಂದ ನಾನೇ ಉತ್ತರ ಕೊಟ್ಟೆ. ಮರುದಿನದಿಂದ ನನಗೆ ಅಲ್ಲಿ ಕೆಲಸವಿರಲಿಲ್ಲ. ಹಾಗೆ ನನ್ನ ಸ್ವಂತ ಅಂಗಡಿ ಆಯಿತು. ಪರದೆ ಇಲ್ಲದ ಅಂಗಡಿ.

ಆಮೇಲೆ ಬಡಿತವನ್ನು ಗೆರೆಯಾಗಿ ತೋರಿಸುವ ಯಂತ್ರ ಬಂತು. ಕಾಕಾ ಗಡಿಯಾರವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು ಕೇಳಿ ತಿಳಿಯುತ್ತಿದ್ದುದನ್ನು ಯಂತ್ರ ಕಣ್ಣಿಗೆ ತೋರಿಸಿತು. ಯಂತ್ರ ಒಳ್ಳೆಯದು, ಅದನ್ನು ನಾನು ಹಳಿಯುವುದಿಲ್ಲ. ಸೆಲ್ಲಿನ ಗಡಿಯಾರಗಳು ಬಂದವು. ಚಕ್ರ, ಸ್ಪ್ರಿಂಗು, ಕಲ್ಲುಗಳನ್ನು ಬಲ್ಲ ನನ್ನನ್ನು ಪೇಟೆಯಲ್ಲಿ ‘ಸೆಲ್ ಹಾಕುವವನು’ ಎಂದು ಗುರುತಿಸತೊಡಗಿದರು. ಸೆಲ್ಲನ್ನೂ ಹಾಕಿದೆ. ಹೊಟ್ಟೆ ನಡೆಯಬೇಕಿತ್ತು.

ಎರಡು ವರ್ಷಗಳ ಹಿಂದೆ ಇಬ್ಬರು ಸಂಗ್ರಾಹಕರು ನನ್ನ ಮನೆಗೆ ಬಂದರು. ಒಬ್ಬರು ಬೆಳಗಾವಿಯ ಸುನಂದಾ ಡಾಕ್ಟರು. ದಂತವೈದ್ಯರಾಗಿದ್ದು ನಿವೃತ್ತರಾದವರು, ಹಲ್ಲು ನೋಡಿದ ಕಣ್ಣಿನಿಂದಲೇ ಗಡಿಯಾರ ನೋಡುವವರು. ಇನ್ನೊಬ್ಬರು ಹುಬ್ಬಳ್ಳಿಯ ತರುಣ ಅಭಯ. ಅಪರೂಪದ ಗಡಿಯಾರಗಳ ಇತಿಹಾಸವನ್ನು ಹುಡುಕಿ ತಮ್ಮ ಸಂಗ್ರಾಹಕರ ಬಳಗದ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದು ಇಬ್ಬರ ಹವ್ಯಾಸ. ಅಭಯ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಕೆನೆಬಣ್ಣದ ಮುಖ, ಸಣ್ಣ ವರ್ತುಲ. ನನಗೆ ಇನ್ನೊಂದು ಚಿತ್ರ ಬೇಕಾಗಲಿಲ್ಲ.

ಮಲ್ಲಪ್ಪ ಸಾಹುಕಾರರ ಮೊಮ್ಮಗ ಶಿವಾನಂದ ಅದನ್ನು ಪರಿಶೀಲನೆಗೆ ಕೊಟ್ಟಿದ್ದರು. ಒಳಗೆ ಈ ಬಗೆಯ ಯಂತ್ರವಿರುವ ಕ್ರೋನೋಮೀಟರ್ ಕೈಗಡಿಯಾರಗಳು ತಯಾರಾದದ್ದೇ ಬೆರಳೆಣಿಕೆಯಷ್ಟು ಎಂದು ಡಾಕ್ಟರು ವಿವರಿಸಿದರು. ಯಂತ್ರದ ಸಂಖ್ಯೆ, ಚಕ್ರದ ಲೋಹ, ಮುಖದ ಬಣ್ಣ ಎಲ್ಲವನ್ನೂ ಅವರು ತಾಳೆ ನೋಡಿದ್ದರು. ತಾಳೆಯಾಗದ್ದು ಒಂದೇ: ಒಳಗೆ ಕೊರೆದು ಬಳೆ ಕೂಡಿಸಿದ್ದ ಚಾವಿ ಗುಂಡಿ.

“ಕಂಪನಿಯವರು ಹಡಗಿನ ಮಂದಿಗಂತ ನೀರ ತಡಿಯೂ ಪ್ರಯೋಗ ಮಾಡಿರಬೇಕ್ರಿ ಸರ್. ಇದು ಗುಪ್ತ ಮಾದರಿ ಇರಬೇಕು. ಹಂಗಾದರ ಜಗತ್ತಿನ್ಯಾಗ ಇದೊಂದ,” ಎಂದರು ಅಭಯ. ಅವರ ಕಣ್ಣು ಹೊಳೆಯುತ್ತಿತ್ತು.

“ನಾ ಮೈಕ್ರೋಸ್ಕೋಪಿನ್ಯಾಗ ನೋಡೇನಿ,” ಎಂದರು ಡಾಕ್ಟರು. “ಒಳಗಿದ್ದದ್ದು ಕರಿ ಉಣ್ಣಿ ನೂಲು, ಮ್ಯಾಲ ಜೇನುಮೇಣ. ಸ್ವಿಟ್ಜರ್‌ಲ್ಯಾಂಡಿನವರು ನಮ್ಮ ಕಂಬಳಿ ಯಾವಾಗ ಹೊತಗೊಂಡ್ರೋ ಅಭಯಾ? ಇದು ಇಲ್ಲೇ ಆದ ಕೆಲಸ. ಯಾರದಂತ ಕೇಳಾಕ ಬಂದೇವ್ರಿ, ಯಲ್ಲಪ್ಪ ಮಾಸ್ತರ.”

ಹೆಂಡತಿ ಇಟ್ಟ ಚಹಾ ಆರಿತು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ: ಕೆಲಸ ಯಾರದೆಂಬುದನ್ನೂ, ಏಕೆಂಬುದನ್ನೂ. ಅಭಯ ಬರೆದುಕೊಳ್ಳುತ್ತಿದ್ದವರು ನೀರಿನ ಮಾತು ಬಂದಲ್ಲಿ ಪೆನ್ನು ನಿಲ್ಲಿಸಿದರು.

ಒಬ್ಬರ ಬಾಯಿಮಾತು ಸಾಲದು, ಹೋಲಿಸಲು ಇನ್ನೊಂದು ಗಡಿಯಾರ ಬೇಕೆಂದರು ಡಾಕ್ಟರು. ಅದು ನ್ಯಾಯವೇ. ಅವರನ್ನು ಕೊಣ್ಣೂರಿಗೆ ಕರೆದೊಯ್ದೆ. ಅಲ್ಲಿ ಕಬ್ಬಿನ ಗದ್ದೆಯ ರಾಮಪ್ಪನ ಕೈಯಲ್ಲಿ, ಕಾಕಾ ಬಳೆ ಕೂಡಿಸಿದ್ದ ಅವನ ಅಪ್ಪನ ಗಡಿಯಾರ ಇನ್ನೂ ಓಡುತ್ತಿತ್ತು.

“ಬಿಚ್ಚಿ ನೋಡ್ರಿ, ಆದರ ಹೊಳ್ಳಿ ಜೋಡಸ್ರಿ. ಯಲ್ಲಪ್ಪ ಮಾಸ್ತರಗ ಈಗ ಕೈ ನಡಗತಾವು, ಅವರ ಕೈಯಾಗ ಮಾತ್ರ ಕೊಡಬ್ಯಾಡ್ರಿ,” ಎಂದ ರಾಮಪ್ಪ. ನಾನು ಅದನ್ನು ಕೇಳಿಸಿಕೊಂಡೆ.

ಡಾಕ್ಟರು ಕಣ್ಣಿಗೆ ಮಸೂರ ಹಚ್ಚಿ ಗುಂಡಿ ಬಿಚ್ಚಿದರು. ಅದೇ ಕೊರೆತ, ಅದೇ ಕಂಬಳಿ, ಅದೇ ಮೇಣ. ಅವರು ಅದನ್ನು ಅಭಯರ ಕೈಗೆ ಕೊಟ್ಟರು. ಗುಪ್ತ ಮಾದರಿಯ ಆಸೆ ಅಲ್ಲಿಗೆ ಮುಗಿಯಿತು. ಆ ಹುಡುಗನ ಬಗ್ಗೆ ಒಂದು ಮಾತು ಹೇಳಬೇಕು: ಮುಖ ಬಾಡಿತು, ಆದರೆ ಎದುರಿಗಿದ್ದದ್ದನ್ನು ಇಲ್ಲವೆನ್ನಲಿಲ್ಲ.

ಕೆಲವು ವಾರಗಳ ನಂತರ ಲೇಖನದ ಕರಡನ್ನು ಕಳಿಸಿದರು. ಗುಂಡಿಯ ಬಗ್ಗೆ ಹೀಗಿತ್ತು: ‘ಧೂಳಿನಿಂದ ರಕ್ಷಿಸಲು ಸ್ಥಳೀಯ ಕುಶಲಕರ್ಮಿಯೊಬ್ಬರು ಮಾಡಿದ ಮಾರ್ಪಾಡು.’

ಫೋನು ಮಾಡಿದೆ. “ಡಾಕ್ಟರ, ಧೂಳು ಎಲ್ಲಿಂದ ಬಂತು?”

ಅವರು ನಿಟ್ಟುಸಿರಿಟ್ಟರು. “ಶಿವಾನಂದ ಅವರು ಕೇಳಕೊಂಡ್ರು. ಮನಿತನದ ಮರ್ಯಾದಿ ಪ್ರಶ್ನಿ ಅಂದ್ರು. ನೀರಿನ ಮಾತ ಬರದರ ಗಡಿಯಾರದ ಚಿತ್ರ ಅಚ್ಚು ಹಾಕಾಕ ಒಪ್ಪಿಗಿ ಕೊಡೂದಿಲ್ಲ ಅಂತಾರ. ಹಳೇ ಗುಂಡಿ ತಗದು ಕಂಪನಿ ಗುಂಡಿ ಹಾಕಸ್ತೇನಿ ಅಂತಾನೂ ಅಂದಾರ. ಕಾಕಾ ಅವರ ಹೆಸರ ಹಾಕತೇವಿ ಮಾಸ್ತರ. ಕಾರಣ ಒಂದ ಬಿಡೂಣು.”

“ಕಾರಣ ಬಿಟ್ಟರ ಹೆಸರೂ ಬ್ಯಾಡ್ರಿ. ನಮ್ಮ ಕಾಕಾ ಧೂಳಿನ ಸಲವಾಗಿ ಕಣ್ಣ ಕೆಡಿಸಿಕೊಂಡಿಲ್ಲ.”

ನನ್ನ ಮಗಳು ಗದರಿದಳು. “ಅಪ್ಪಾ, ಹೆಸರ ಬರಾಕತ್ತೇತಿ, ಸಾಕ ಮಾಡು. ಈ ವಯಸ್ಸಿನ್ಯಾಗ ಯಾರ ಕೂಡ ಜಗಳಾ?” ಅವಳಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಕಾಕಾರ ಕೈಯಿಂದಾದ ಕೆಲಸಗಳೆಲ್ಲ ಬೇರೆಯವರ ಮಣಿಕಟ್ಟಿನಲ್ಲಿ ಸವೆದುಹೋದವು. ಅವರ ಒಂದು ಭಾವಚಿತ್ರ ಕೂಡ ಇಲ್ಲ. ಕೊರೆದ ಆ ಗುಂಡಿಯನ್ನು ಕಿತ್ತು, ಕಾರಣದ ಜಾಗದಲ್ಲಿ ಧೂಳು ಎಂದು ಬರೆದರೆ, ಅವರು ಇದ್ದರೆಂಬುದು ನನ್ನ ಸಾವಿನೊಂದಿಗೆ ಮುಗಿಯುತ್ತದೆ. ಮರುದಿನ ಬೆಳಗ್ಗೆ ಬಸ್ಸು ಹತ್ತಿ ಹುಕ್ಕೇರಿಗೆ ಹೋದೆ. ಡಾಕ್ಟರು ಮತ್ತು ಅಭಯ ಗಡಿಯಾರದೊಂದಿಗೆ ಅಲ್ಲಿಗೇ ಬಂದರು.

ಅದೇ ಅಂಗಳ. ಕಟ್ಟೆಗೆ ಈಗ ಗ್ರಾನೈಟು ಹಾಕಿಸಿದ್ದಾರೆ. ಶಿವಾನಂದ ನನ್ನನ್ನು ಒಳಗೆ ಕರೆದು ಸೋಫಾದ ಮೇಲೆ ಕೂರಿಸಿದರು. ಚಹಾ ಎಲ್ಲರಿಗೂ ಒಂದೇ ಬಗೆಯ ಕಪ್ಪಿನಲ್ಲಿ ಬಂತು. ಅದನ್ನು ಗಮನಿಸಿದೆ, ಗಮನಿಸದೆ ಇರುವುದು ನನಗೆ ಬರುವುದಿಲ್ಲ.

“ಮಾಸ್ತರ, ಆಗಿನ ಕಾಲ ಹಂಗಿತ್ರಿ,” ಎಂದರು ಶಿವಾನಂದ. “ಈಗ ನಾವೂ ನೀವೂ ಕೂಡೇ ಚಹಾ ಕುಡ್ಯಾಕತ್ತೇವಲ್ರಿ. ಹಳೇದ ಯಾಕ ಕೆದರತೀರಿ?”

“ನಾ ಕೆದರಿಲ್ರಿ. ಗುಂಡಿ ಬಿಚ್ಚಿ ಇದೇನಂತ ಕೇಳಾಕ ಇವರ ನನ್ನ ಮನಿಗಿ ಬಂದ್ರು. ಕೇಳಿದ್ದಕ್ಕ ಹೇಳೇನಿ.”

“ನೀರ ಹಾಕಿದ್ದು ಯಾರ ನೋಡ್ಯಾರ?”

“ನಾ ನೋಡೇನ್ರಿ.”

“ನೀವೊಬ್ಬರ ಅಂದರ…”

“ಹಾಕಿದಾಕಿ ನಾನು,” ಎಂದಿತು ಒಳಗಿನ ದನಿ.

ಗೋಡೆ ಹಿಡಿದು ಬಂದವರು ಶಿವಾನಂದರ ತಾಯಿ, ನೀಲವ್ವ. ಅಂದು ತಂಬಿಗೆ ತಂದಿದ್ದ ಸೊಸೆ. ಮಗ ಎದ್ದು ಕೈಹಿಡಿಯಲು ಹೋದರೆ ಬೇಡವೆಂದು ತಳ್ಳಿ, ನನ್ನೆದುರಿನ ಕುರ್ಚಿಯಲ್ಲಿ ಕೂತರು.

“ಅಂಗಳದಾಗ ನಿಂತಿದ್ದಾಂವ ನೀನ ಏನು? ಒಳಗ ಹೋಗತೈತಿ ಅಂದಿದ್ದಿ.”

“ಹೌದ್ರಿ ಅವ್ವಾರ. ನಾನ.”

“ನೀ ಅಂದದ್ದ ನನಗ ಕೇಳಿಸಿತ್ತು. ಆದರೂ ಹಾಕಿದ್ನಿ.”

“ಅವ್ವಾ, ಸುಮ್ಮನಿರು. ಮಂದಿ ಏನಂತಾರ?” ಎಂದರು ಶಿವಾನಂದ.

“ಮಂದಿ ಆಗೂ ಇದ್ರು. ಅವರಿಗಂಜೇ ನೀರ ಹಾಕಿದ್ದು.” ಅವರು ಡಾಕ್ಟರ ಕಡೆ ತಿರುಗಿದರು. “ಬಿಚ್ಚವ್ವಾ. ಒಳಗ ಏನಾಗೇತಿ ನಾ ನೋಡಬೇಕು.”

ಡಾಕ್ಟರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹಿಂದಿನ ಮುಚ್ಚಳ ತೆರೆದರು. ನೀಲವ್ವ ಮಸೂರ ಹಿಡಿದು ಬಾಗಿದರು. ಚಕ್ರ ಆಡುತ್ತಿತ್ತು. ಕಾಕಾ ಮಾಡಿದ ಕಡ್ಡಿ ನಿನ್ನೆ ಹಾಕಿದಂತೆ ಹೊಳೆಯುತ್ತಿತ್ತು.

“ಆಮ್ಯಾಲೂ ಎಷ್ಟ ಸರತಿ ಹಾಕೀನೋ. ರಿಪೇರಿಯಿಂದ ಬಂದಾಗೊಮ್ಮೆ ಹಾಕೀನಿ,” ಎಂದರು ಮಸೂರದಿಂದ ಕಣ್ಣು ತೆಗೆಯದೆ. “ಒಂದ ಹನಿನೂ ಒಳಗ ಹೋಗಿಲ್ಲೇನು?”

“ಬಳಿ ಕುಂತ ಮ್ಯಾಲ ಒಂದ ಹನಿನೂ ಹೋಗಿಲ್ರಿ,” ಎಂದೆ.

ಅವರು ಮಸೂರ ಕೆಳಗಿಟ್ಟರು. ಆಮೇಲೆ ಅಭಯರಿಗೆ ಹೇಳಿದರು. “ಬರಕೋ ತಮ್ಮಾ. ನಾ ಹಾಕಿದ್ದೂ ಬರಿ, ಅಂವ ತಡದದ್ದೂ ಬರಿ.”

ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಬಂದ ಕೆಲಸ ಆಗಿತ್ತು. ಆದರೂ ನಾನು ಬಿಡಲಿಲ್ಲ.

“ಅಂವ ಅನಬ್ಯಾಡ್ರಿ ಅವ್ವಾರ. ಅವರ ಹೆಸರ ಪರಸಪ್ಪ.”

ಶಿವಾನಂದ ನೆಲ ನೋಡುತ್ತಿದ್ದರು. ನೀಲವ್ವ ನನ್ನನ್ನು ನೆಟ್ಟಗೆ ನೋಡಿ, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು.

“ಬರಕೋ ತಮ್ಮಾ,” ಎಂದರು ಮತ್ತೊಮ್ಮೆ. “ನಾ ನೀರ ಹಾಕಿದ್ನಿ. ಪರಸಪ್ಪನವರು ತಡದ್ರು.”

ಅಭಯ ಬರೆದುಕೊಂಡರು. ಸಂಚಿಕೆಯಲ್ಲಿ ಹಾಗೆಯೇ ಅಚ್ಚಾಗಿದೆ. ಗುಂಡಿ ಅದೇ ಇದೆ.